ಹೊಸ ವಿಂಡೋಸ್, ಹಳೇ ಕಂಪ್ಯೂಟರ್: ನಿಧಾನದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ನೆಂಟರಲ್ಲಿ, ನಮ್ಮ ಬೀದಿಯಲ್ಲಿ ಯಾರ ಕಂಪ್ಯೂಟರ್ ಕೆಟ್ಟರೂ ಮೊದಲು ನನಗೆ ಫೋನ್ ಬರುತ್ತದೆ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ನಿಂತ ಮೇಲಂತೂ ಎಲ್ಲರದ್ದೂ ಒಂದೇ ದೂರು. ವಿಂಡೋಸ್ 11 ಹಾಕಿಸಿದೆ, ಏನು ಒತ್ತಿದರೂ ಸುತ್ತುತ್ತಾ ಕೂರುತ್ತದೆ, ಹೊಸ ಲ್ಯಾಪ್‌ಟಾಪ್ ತಗೊಳ್ಳಬೇಕಾ ಅಂತ. ತುಂಬಾ ಜನ ಸಾಲ ಮಾಡಿ ಹೊಸದು ತರುವ ಮೊದಲು ಇಷ್ಟು ತಿಳಿದುಕೊಳ್ಳಲಿ ಅನ್ನಿಸಿತು. ಅದಕ್ಕೇ ಬರೆದಿಟ್ಟೆ.

ಆನ್ ಮಾಡಿ, ಹಾಲು ಕಾಯಿಸಿ, ಕಾಫಿ ಮಾಡಿಕೊಂಡು ಬಂದರೂ ತೆರೆದಿರುವುದಿಲ್ಲ. ನನ್ನ ಲ್ಯಾಪ್‌ಟಾಪ್ ಹಾಳಾಗಿದೆಯಾ?

ಬಹುತೇಕ ಇಲ್ಲ. ಪ್ರೊಸೆಸರ್‌ಗೆ ವಯಸ್ಸಾಗಿ ಸುಸ್ತಾಗುವುದಿಲ್ಲ. ಕೊಂಡ ದಿನ ಸೆಕೆಂಡಿಗೆ ಎಷ್ಟು ಲೆಕ್ಕ ಮಾಡುತ್ತಿತ್ತೋ ಇವತ್ತೂ ಅಷ್ಟೇ ಮಾಡುತ್ತದೆ. ಬದಲಾಗಿರುವುದು ಅದರ ತಲೆ ಮೇಲಿನ ಹೊರೆ. ಓಎಸ್ (ವಿಂಡೋಸ್ ಥರ ಕಂಪ್ಯೂಟರನ್ನೇ ನಡೆಸುವ ಮೂಲ ಸಾಫ್ಟ್‌ವೇರ್) ದಪ್ಪ ಆಯಿತು, ಬ್ರೌಸರ್ ದಪ್ಪ ಆಯಿತು, ನೀವು ಒಂದು ಕೆಲಸ ಮಾಡುತ್ತಿದ್ದರೆ ಹಿಂದೆ ನೀವು ಕೇಳದೇ ಇರುವ ಹದಿನೈದು ಕೆಲಸ ನಡೆಯುತ್ತಿರುತ್ತವೆ.

ಹಾಗಂತ ಯಂತ್ರದ ತೊಂದರೆ ಇರುವುದೇ ಇಲ್ಲ ಅಂತಲ್ಲ. ಫ್ಯಾನಿನಲ್ಲಿ ಧೂಳು ಕಟ್ಟಿದರೆ ಬಿಸಿ ಹೊರಗೆ ಹೋಗುವುದಿಲ್ಲ, ಆಗ ಪ್ರೊಸೆಸರ್ ಸುಟ್ಟುಹೋಗದಿರಲು ತಾನೇ ವೇಗ ಇಳಿಸಿಕೊಳ್ಳುತ್ತದೆ. ಎಸ್‌ಎಸ್‌ಡಿ (ತಿರುಗುವ ಭಾಗ ಇಲ್ಲದ ಹೊಸ ಥರದ ಡಿಸ್ಕ್) ಕಂಠಪೂರ್ತಿ ತುಂಬಿದ್ದರೆ ಅದೂ ಮಂದವಾಗುತ್ತದೆ. ಹಾರ್ಡ್ ಡಿಸ್ಕ್ ಸಾಯುವ ಹಂತಕ್ಕೆ ಬಂದಿದ್ದರೆ ಒಂದೇ ಜಾಗವನ್ನು ಮತ್ತೆ ಮತ್ತೆ ಓದಲು ಒದ್ದಾಡುತ್ತದೆ. ಡಿಸ್ಕ್‌ನಿಂದ ಕಟಕಟ ಸದ್ದು ಬರುತ್ತಿದ್ದರೆ ಈ ಬರಹ ಆಮೇಲೆ ಓದಿ, ಮೊದಲು ಫೋಟೋಗಳನ್ನೆಲ್ಲ ಬೇರೆ ಕಡೆ ಕಾಪಿ ಮಾಡಿಕೊಳ್ಳಿ.

ಮೊದಲಿನ ಓಎಸ್‌ಗಳು ನಿಜವಾಗಿಯೂ ಹಗುರ ಇದ್ದವಾ, ಇಲ್ಲಾ ಹಳೆಯದೆಲ್ಲ ಚೆಂದ ಅನ್ನಿಸುತ್ತದಾ?

ಲೆಕ್ಕ ನೋಡಿ. ರ‍್ಯಾಮ್ ಅಂದರೆ ಕಂಪ್ಯೂಟರ್ ಕೆಲಸ ಮಾಡುವಾಗ ಎಲ್ಲ ಹರಡಿಟ್ಟುಕೊಳ್ಳುವ ಮೇಜು ಇದ್ದ ಹಾಗೆ. 2001ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿಗೆ ಕನಿಷ್ಠ 64 ಎಂಬಿ ರ‍್ಯಾಮ್ ಬೇಕು, 128 ಇದ್ದರೆ ಒಳ್ಳೆಯದು ಅಂತ ಮೈಕ್ರೋಸಾಫ್ಟ್ ಹೇಳಿತ್ತು. ಡಿಸ್ಕ್‌ನಲ್ಲಿ 1.5 ಜಿಬಿ ಜಾಗ ಸಾಕಿತ್ತು. 2009ರ ವಿಂಡೋಸ್ 7ಕ್ಕೆ 1 ಜಿಬಿ ರ‍್ಯಾಮ್, 64 ಬಿಟ್ ಆದರೆ 2 ಜಿಬಿ. 2021ರ ವಿಂಡೋಸ್ 11ಕ್ಕೆ 4 ಜಿಬಿ ರ‍್ಯಾಮ್, 64 ಜಿಬಿ ಡಿಸ್ಕ್. ಇಪ್ಪತ್ತು ವರ್ಷದಲ್ಲಿ ಕನಿಷ್ಠ ರ‍್ಯಾಮ್ 64 ಪಟ್ಟು ಏರಿದೆ. ಕನ್ನಡ ಯೂನಿಕೋಡ್ (ಎಲ್ಲ ಕಂಪ್ಯೂಟರ್‌ನಲ್ಲೂ ಒಂದೇ ಥರ ಓದಲಾಗುವ ಅಕ್ಷರ ವ್ಯವಸ್ಥೆ) ಆ ಎಕ್ಸ್‌ಪಿಯಲ್ಲೇ ಇತ್ತು, ತುಂಗಾ ಫಾಂಟ್ ಅದರ ಜೊತೆಗೇ ಬಂದಿತ್ತು. ಕನ್ನಡದಲ್ಲಿ ಒಂದು ಅರ್ಜಿ ಟೈಪ್ ಮಾಡಿ ಪ್ರಿಂಟ್ ತೆಗೆಯುವ ಕೆಲಸ ಆಗಲೂ ಆಗುತ್ತಿತ್ತು, ಈಗಲೂ ಆಗುತ್ತದೆ. ಅರ್ಜಿ ಅಷ್ಟೇ ಇದೆ.

ಹೆಚ್ಚಿದ್ದೆಲ್ಲ ದಂಡ ಅಂತ ನಾನು ಹೇಳುವುದಿಲ್ಲ. ಎಕ್ಸ್‌ಪಿ ಕಾಲದಲ್ಲಿ ಇಂಟರ್‌ನೆಟ್‌ಗೆ ಕಂಪ್ಯೂಟರ್ ಜೋಡಿಸಿದರೆ ಸಾಕು, ವೈರಸ್ ಬಂದು ಕೂರುತ್ತಿತ್ತು. ಈಗಿನ ಓಎಸ್ ಆ ವಿಷಯದಲ್ಲಿ ಎಷ್ಟೋ ಗಟ್ಟಿ. ಪರದೆಗಳು ದೊಡ್ಡವಾದವು, ವಿಡಿಯೋ ಕರೆ ಬಂತು, ಡಿಸ್ಕ್‌ಗೆ ಬೀಗ ಹಾಕುವ ವ್ಯವಸ್ಥೆ ಬಂತು. ಇವಕ್ಕೆಲ್ಲ ಜಾಗ ಬೇಕೇ ಬೇಕು. ಆದರೆ ಸ್ಟಾರ್ಟ್ ಮೆನು ತೆರೆದರೆ ಜಾಹೀರಾತಿನ ಥರದ ಶಿಫಾರಸು, ಮೂಲೆಯಲ್ಲಿ ಹವಾಮಾನ, ಅದರ ಕೆಳಗೆ ಸಿನಿಮಾ ಸುದ್ದಿ, ಪಕ್ಕದಲ್ಲಿ ಕೋಪೈಲಟ್ ಅನ್ನುವ ಎಐ ಸಹಾಯಕ, ಇವನ್ನೆಲ್ಲ ಯಾರು ಕೇಳಿದ್ದರು? ನಮ್ಮ ದುಡ್ಡಿನ ರ‍್ಯಾಮ್ ಅಲ್ವಾ ಅದು? ನನಗೆ ಸಿಟ್ಟು ಬರುವುದು ಇಲ್ಲೇ.

ಈ ದೂರು ಹೊಸದೂ ಅಲ್ಲ. 1995ರಲ್ಲೇ ಸ್ವಿಟ್ಜರ್ಲೆಂಡಿನ ಕಂಪ್ಯೂಟರ್ ವಿಜ್ಞಾನಿ ನಿಕ್ಲೌಸ್ ವಿರ್ತ್ ಇದನ್ನೇ ಬರೆದಿದ್ದರು. ಯಂತ್ರಗಳ ವೇಗ ಹೆಚ್ಚುವುದಕ್ಕಿಂತ ಬೇಗ ಸಾಫ್ಟ್‌ವೇರ್ ಮಂದವಾಗುತ್ತಿದೆ ಅನ್ನುವುದು ಅವರ ಮಾತಿನ ಸಾರ. ಪ್ಯಾಸ್ಕಲ್ ಭಾಷೆ ಕಟ್ಟಿದವರು ಅವರು, ಸುಮ್ನೆ ಗೊಣಗಿದ್ದಲ್ಲ. 2007ರಲ್ಲಿ ವಿಂಡೋಸ್ ವಿಸ್ಟಾ ಬಂದಾಗ ಈಗಿನ ಕಥೆಯೇ ನಡೆಯಿತು. ವಿಸ್ಟಾ ಓಡುತ್ತದೆ ಅಂತ ಸ್ಟಿಕರ್ ಅಂಟಿಸಿ ಮಾರಿದ ಎಷ್ಟೋ ಕಂಪ್ಯೂಟರ್‌ಗಳಲ್ಲಿ ಅದರ ತೀರಾ ಕೆಳಗಿನ ಆವೃತ್ತಿ ಮಾತ್ರ ಓಡುತ್ತಿತ್ತು, ಅಮೆರಿಕದಲ್ಲಿ ಅದು ಕೋರ್ಟ್‌ವರೆಗೂ ಹೋಯಿತು.

ಏನೂ ತೆರೆದಿಲ್ಲ, ಆದರೂ ಅರ್ಧ ರ‍್ಯಾಮ್ ಖರ್ಚಾಗಿದೆ ಅಂತ ತೋರಿಸುತ್ತದೆ. ಯಾರು ತಿನ್ನುತ್ತಿದ್ದಾರೆ?

ಇದರಲ್ಲಿ ಎರಡು ಭಾಗ ಇದೆ, ಒಂದು ಒಳ್ಳೆಯದು. ಖಾಲಿ ಬಿದ್ದಿರುವ ರ‍್ಯಾಮ್‌ನಿಂದ ಯಾರಿಗೂ ಲಾಭ ಇಲ್ಲ, ಹಾಗಾಗಿ ನೀವು ಪದೇ ಪದೇ ಬಳಸುವುದನ್ನು ಓಎಸ್ ಮೊದಲೇ ತಂದು ಇಟ್ಟುಕೊಳ್ಳುತ್ತದೆ, ಬೇಕಾದಾಗ ಬಿಟ್ಟುಕೊಡುತ್ತದೆ. ಅದರ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ.

ಇನ್ನೊಂದು ಭಾಗ ನಿಜವಾದ ಹೊರೆ. ನಾನು ನೋಡಿದ 8 ಜಿಬಿ ಯಂತ್ರಗಳಲ್ಲಿ ವಿಂಡೋಸ್ 11 ಬೂಟ್ ಆಗಿ ಸುಮ್ನೆ ಕೂತಾಗಲೇ 3 ಜಿಬಿ ಮೇಲೆ ಹೋಗಿರುತ್ತದೆ. ವೈರಸ್ ಕಾಯುವ ಡಿಫೆಂಡರ್, ಫೈಲ್‌ಗಳ ಪಟ್ಟಿ ಮಾಡುವ ಸರ್ಚ್, ಅಪ್‌ಡೇಟ್, ಫೈಲ್‌ಗಳನ್ನು ಆನ್‌ಲೈನ್‌ನಲ್ಲಿ ಇಡುವ ಒನ್‌ಡ್ರೈವ್, ಮೂಲೆಯಲ್ಲಿ ಹವಾಮಾನ, ಸುದ್ದಿ ತೋರಿಸುವ ವಿಜೆಟ್‌ಗಳು, ಜೊತೆಗೆ ಲ್ಯಾಪ್‌ಟಾಪ್ ಕಂಪನಿಯವರು ತುಂಬಿ ಕಳಿಸಿದ ಅವರದೇ ನಾಲ್ಕೈದು ಸಾಫ್ಟ್‌ವೇರ್. ಇನ್ನೂ ಒಂದು ಕಾರಣ ಜಾಸ್ತಿ ಜನಕ್ಕೆ ಗೊತ್ತಿಲ್ಲ. ಈಗ ತುಂಬಾ ಆ್ಯಪ್‌ಗಳು ಒಳಗೆ ಒಂದೊಂದು ಬ್ರೌಸರ್ ಇಟ್ಟುಕೊಂಡೇ ಬರುತ್ತವೆ. ಬರೆಯುವವರಿಗೆ ಸುಲಭ, ಒಂದೇ ಸಲ ಬರೆದು ಎಲ್ಲ ಕಡೆ ಓಡಿಸಬಹುದು. ಆದರೆ ನೀವು ಚಾಟ್ ಆ್ಯಪ್ ಒಂದು, ಮೀಟಿಂಗ್ ಆ್ಯಪ್ ಒಂದು, ಹಾಡಿನ ಆ್ಯಪ್ ಒಂದು ತೆರೆದರೆ ಮೂರು ಬ್ರೌಸರ್ ತೆರೆದ ಹಾಗೆ. ಹವಾಮಾನ ತೋರಿಸುವ ವಿಜೆಟ್ ಕೂಡ ಹಾಗೇ ನಡೆಯುತ್ತದೆ.

ಫೈಲ್ ಎಕ್ಸ್‌ಪ್ಲೋರರ್ ತೆರೆಯಲು ತಡವಾಗುತ್ತದೆ ಅಂತ ಜನ ಬೈದು ಬೈದು, 2025ರ ಕೊನೆಯಲ್ಲಿ ಮೈಕ್ರೋಸಾಫ್ಟ್ ಒಂದು ಪರೀಕ್ಷೆ ಶುರು ಮಾಡಿತು. ಏನು ಗೊತ್ತಾ? ಅದನ್ನು ಹಗುರ ಮಾಡುವುದಲ್ಲ, ಮೊದಲೇ ಹಿನ್ನೆಲೆಯಲ್ಲಿ ತೆರೆದು ಇಟ್ಟುಕೊಂಡಿರುವುದು. ಫೋಲ್ಡರ್ ತೆರೆಯುವುದು ಕಂಪ್ಯೂಟರ್‌ನ ಅಆಇಈ. ಅದಕ್ಕೂ ಮುಂಗಡ ರ‍್ಯಾಮ್ ಕೊಡಬೇಕಾದರೆ ಬುಡದಲ್ಲೇ ಏನೋ ತಪ್ಪಿದೆ ಅಂತ ನನಗೆ ಅನ್ನಿಸುತ್ತದೆ.

ಟಾಸ್ಕ್ ಮ್ಯಾನೇಜರ್‌ನಲ್ಲಿ ಡಿಸ್ಕ್ 100% ಅಂತ ಕೆಂಪಗೆ ತೋರಿಸುತ್ತದೆ. ಏನರ್ಥ?

ನನಗೆ ಬರುವ ಫೋನ್‌ಗಳಲ್ಲಿ ಅರ್ಧಕ್ಕೂ ಹೆಚ್ಚಿಗೆ ಉತ್ತರ ಇಲ್ಲೇ ಇದೆ, ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಬಹುತೇಕ ಹಳೇ ಥರದ ಹಾರ್ಡ್ ಡಿಸ್ಕ್ ಇದೆ ಅಂತ ಅರ್ಥ. ಒಳಗೆ ಒಂದು ತಟ್ಟೆ ತಿರುಗುತ್ತಿರುತ್ತದೆ, ಲ್ಯಾಪ್‌ಟಾಪ್‌ಗಳಲ್ಲಿ ಸಾಮಾನ್ಯವಾಗಿ ನಿಮಿಷಕ್ಕೆ 5400 ಸುತ್ತು. ಅದರ ಮೇಲೆ ಒಂದು ಮುಳ್ಳು ಆ ಕಡೆ ಈ ಕಡೆ ಓಡಾಡಿ ಓದಬೇಕು. ದೊಡ್ಡ ಸಿನಿಮಾ ಫೈಲ್ ಒಂದೇ ಕಡೆ ಸಾಲಾಗಿ ಇದ್ದರೆ ಚೆನ್ನಾಗಿಯೇ ಓದುತ್ತದೆ. ಆದರೆ ಓಎಸ್ ಕೇಳುವುದು ಹಾಗಲ್ಲ, ಇಲ್ಲೊಂದು ಚೂರು, ಅಲ್ಲೊಂದು ಚೂರು. ಪ್ರತಿ ಚೂರಿಗೂ ಮುಳ್ಳು ಸರಿಯಬೇಕು, ತಟ್ಟೆ ತಿರುಗಿ ಬರುವವರೆಗೆ ಕಾಯಬೇಕು. ಹೀಗೆ ಚೂರು ಚೂರು ಓದುವಾಗ ಸೆಕೆಂಡಿಗೆ ನೂರು ಸಲ ಆದರೆ ಅದೇ ದೊಡ್ಡದು. ಸಾಧಾರಣ ಎಸ್‌ಎಸ್‌ಡಿಯಲ್ಲಿ ತಿರುಗುವುದು ಏನೂ ಇಲ್ಲ, ಅದೇ ಕೆಲಸ ಸೆಕೆಂಡಿಗೆ ಹತ್ತಾರು ಸಾವಿರ ಸಲ ಆಗುತ್ತದೆ.

ವಿಂಡೋಸ್ 7ರವರೆಗೆ ಎಲ್ಲರ ಮನೆಯಲ್ಲೂ ಇದ್ದದ್ದು ಹಾರ್ಡ್ ಡಿಸ್ಕ್, ಹಾಗಾಗಿ ಓಎಸ್ ಅದಕ್ಕೆ ತಕ್ಕಂತೆ ನಡೆದುಕೊಳ್ಳುತ್ತಿತ್ತು. ಈಗ ಎಸ್‌ಎಸ್‌ಡಿ ಇದ್ದೇ ಇರುತ್ತದೆ ಅಂದುಕೊಂಡು ಅಪ್‌ಡೇಟ್, ಸ್ಕ್ಯಾನ್, ಸರ್ಚ್ ಪಟ್ಟಿ ಎಲ್ಲ ಒಟ್ಟೊಟ್ಟಿಗೇ ಶುರುವಾಗುತ್ತವೆ. ಪಾಪ ಆ ಮುಳ್ಳು ಎಲ್ಲಿಗೆ ಅಂತ ಓಡಬೇಕು! ರ‍್ಯಾಮ್ ಕಡಿಮೆ ಇದ್ದರೆ ಇನ್ನೂ ಕಷ್ಟ. ರ‍್ಯಾಮ್‌ನಲ್ಲಿ ಹಿಡಿಸದ್ದನ್ನು ಓಎಸ್ ಡಿಸ್ಕ್‌ಗೆ ಇಳಿಸಿ, ಬೇಕಾದಾಗ ಮತ್ತೆ ಎತ್ತಿಕೊಳ್ಳುತ್ತದೆ. ಆಗ ಮೌಸ್ ಕೂಡ ನಿಂತು ನಿಂತು ಚಲಿಸುತ್ತದೆ.

4 ಜಿಬಿ ರ‍್ಯಾಮ್ ಸಾಕು ಅಂತ ಅಂಗಡಿಯಲ್ಲಿ ಹೇಳಿದರು. ಸಾಕಾ?

ಸಾಲದು. ಬೂಟ್ ಆಗುವುದಕ್ಕೆ ಸಾಕು, ಬದುಕುವುದಕ್ಕೆ ಸಾಲದು.

ನಮ್ಮಕ್ಕನ ಮಗಳು ಡಿಗ್ರಿಗೆ ಸೇರಿದಾಗ ಅಕ್ಕ ಚೀಟಿ ಎತ್ತಿ ಅವಳಿಗೆ ಲ್ಯಾಪ್‌ಟಾಪ್ ಕೊಡಿಸಿದರು. ಹಗುರವಾಗಿದೆ, ತೆಳ್ಳಗಿದೆ, ಹೊಸ ಓಎಸ್ ಇದೆ ಅಂತ ಅಂಗಡಿಯವರು ಕೊಟ್ಟರು. 4 ಜಿಬಿ ರ‍್ಯಾಮ್, 64 ಜಿಬಿ ಇಎಂಎಂಸಿ. ಈ ಇಎಂಎಂಸಿ ಅಂದರೆ ಅಗ್ಗದ ಮೊಬೈಲ್‌ಗಳಲ್ಲಿ ಇರುವಂಥದ್ದು, ಎಸ್‌ಎಸ್‌ಡಿ ಅಲ್ಲ. ಆರು ತಿಂಗಳಲ್ಲಿ ಅಪ್‌ಡೇಟ್ ಹಾಕಲು ಜಾಗವೇ ಇಲ್ಲ ಅನ್ನತೊಡಗಿತು. ಆನ್‌ಲೈನ್ ಕ್ಲಾಸ್ ತೆರೆದು ನೋಟ್ಸ್ ಬರೆಯಲು ಇನ್ನೊಂದು ಕಿಟಕಿ ತೆರೆದರೆ ಧ್ವನಿ ತುಂಡಾಗುತ್ತಿತ್ತು. ರ‍್ಯಾಮ್ ಹಾಕಿಸೋಣ ಅಂತ ಬಿಚ್ಚಿದರೆ ಸ್ಲಾಟ್ ಇಲ್ಲ, ಬೋರ್ಡ್‌ಗೇ ಬೆಸುಗೆ ಹಾಕಿದ್ದಾರೆ. ಅವಳು "ಮಾಮ, ನಾನೇ ಏನಾದ್ರೂ ತಪ್ಪು ಒತ್ತಿದ್ನಾ?" ಅಂತ ಕೇಳಿದಳು. ಆ ಮಾತು ನನಗೆ ಇನ್ನೂ ಮರೆತಿಲ್ಲ. ಅವಳ ತಪ್ಪು ಏನೂ ಇರಲಿಲ್ಲ. ಹೊಸ ಓಎಸ್ ಹಾಕಿ ಮಾರಲು ಕನಿಷ್ಠ ಎಷ್ಟು ಬೇಕೋ ಅಷ್ಟೇ ಇಟ್ಟು ಮಾರಿದ ಯಂತ್ರ ಅದು.

ಬ್ರೌಸರ್, ಆಫೀಸ್ ಕೆಲಸಕ್ಕೆ 8 ಜಿಬಿ ಕನಿಷ್ಠ. ಹೊಸದು ಕೊಳ್ಳುತ್ತಿದ್ದರೆ 16.

ದುಡ್ಡು ಖರ್ಚು ಮಾಡದೆ ಮೊದಲು ಏನು ಮಾಡಬಹುದು?

ರೀಸ್ಟಾರ್ಟ್ ಮಾಡಿ. ಷಟ್‌ಡೌನ್ ಅಲ್ಲ, ರೀಸ್ಟಾರ್ಟ್. ಎರಡೂ ಒಂದೇ ಅಂತ ಎಲ್ಲರೂ ಅಂದುಕೊಂಡಿರುತ್ತಾರೆ. ಫಾಸ್ಟ್ ಸ್ಟಾರ್ಟಪ್ ಆನ್ ಇದ್ದರೆ ಷಟ್‌ಡೌನ್ ಮಾಡಿದಾಗ ಓಎಸ್‌ನ ತಿರುಳು ಪೂರ್ತಿ ಮುಚ್ಚಿಕೊಳ್ಳುವುದಿಲ್ಲ, ಇದ್ದ ಸ್ಥಿತಿಯನ್ನು ಡಿಸ್ಕ್‌ಗೆ ಬರೆದಿಟ್ಟು ಮಲಗುತ್ತದೆ. ಬೆಳಿಗ್ಗೆ ಹಳೇ ಗೊಂದಲದ ಜೊತೆಗೇ ಏಳುತ್ತದೆ. ರೀಸ್ಟಾರ್ಟ್ ಮಾಡಿದರೆ ಮಾತ್ರ ಎಲ್ಲ ಹೊಸದಾಗಿ ಶುರು. ತಿಂಗಳುಗಟ್ಟಲೆ ರೀಸ್ಟಾರ್ಟ್ ಕಾಣದ ಯಂತ್ರಗಳನ್ನು ನಾನು ನೋಡಿದ್ದೇನೆ.

ಆಮೇಲೆ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ, ಟಾಸ್ಕ್ ಮ್ಯಾನೇಜರ್ ಬರುತ್ತದೆ. ಅದರಲ್ಲಿ ಸ್ಟಾರ್ಟಪ್ ಆ್ಯಪ್ಸ್ ನೋಡಿ. ಕಂಪ್ಯೂಟರ್ ಏಳುವಾಗಲೇ ಏಳುವವರ ಪಟ್ಟಿ ಅದು. ನಿಮಗೆ ಏಳುತ್ತಿದ್ದಂತೆ ಬೇಕಿಲ್ಲದ್ದನ್ನೆಲ್ಲ ಡಿಸೇಬಲ್ ಮಾಡಿ. ಡಿಸೇಬಲ್ ಮಾಡಿದರೆ ಆ್ಯಪ್ ಅಳಿಸಿಹೋಗುವುದಿಲ್ಲ, ಬೇಕಾದಾಗ ನೀವೇ ತೆರೆಯಬಹುದು, ಹೆದರಬೇಡಿ. ಟಾಸ್ಕ್‌ಬಾರ್ ಸೆಟ್ಟಿಂಗ್ಸ್‌ನಲ್ಲಿ ವಿಜೆಟ್ ಆಫ್ ಮಾಡಿ. ಕಂಪನಿಯವರು ತುಂಬಿದ ಟ್ರಯಲ್ ಸಾಫ್ಟ್‌ವೇರ್ ತೆಗೆದುಹಾಕಿ. ಸಿ ಡ್ರೈವ್‌ನಲ್ಲಿ ಐದರಲ್ಲಿ ಒಂದು ಪಾಲಾದರೂ ಖಾಲಿ ಇರಲಿ. ಬ್ರೌಸರ್‌ನಲ್ಲಿ ನಲವತ್ತು ಟ್ಯಾಬ್ ಇದ್ದರೆ ಬುಕ್‌ಮಾರ್ಕ್ ಮಾಡಿ ಮುಚ್ಚಿ.

ಕೋರ್ ಐಸೊಲೇಷನ್, ಮೆಮೊರಿ ಇಂಟಿಗ್ರಿಟಿ ಆಫ್ ಮಾಡಿದರೆ ವೇಗ ಆಗುತ್ತದೆ ಅಂತ ವಿಡಿಯೋಗಳಲ್ಲಿ ಹೇಳುತ್ತಾರೆ. ಹಳೇ ಪ್ರೊಸೆಸರ್‌ಗಳಲ್ಲಿ ಸ್ವಲ್ಪ ವ್ಯತ್ಯಾಸ ಆಗುವುದು ನಿಜ. ಆದರೆ ಅದು ಓಎಸ್‌ನ ಒಳಮನೆಗೆ ಹಾಕಿರುವ ಬೀಗ. ಬ್ಯಾಂಕ್ ಕೆಲಸ ಮಾಡುವ ಯಂತ್ರದಲ್ಲಿ ನಾನು ಅದನ್ನು ಮುಟ್ಟುವುದಿಲ್ಲ.

ಒಂದೇ ಕ್ಲಿಕ್‌ನಲ್ಲಿ ವೇಗ ಹೆಚ್ಚಿಸುವ ಬೂಸ್ಟರ್, ಕ್ಲೀನರ್ ಹಾಕಬಹುದಾ?

ಬೇಡ. ಹಿನ್ನೆಲೆಯಲ್ಲಿ ಓಡುವವರ ಸಾಲಿಗೆ ಇನ್ನೊಬ್ಬರು ಸೇರುತ್ತಾರೆ ಅಷ್ಟೇ.

ಡಿಫೆಂಡರ್ ಇದ್ದರೂ ಇನ್ನೊಂದು ಆಂಟಿವೈರಸ್ ಬೇಕಾ?

ಮನೆ ಬಳಕೆಗೆ ಡಿಫೆಂಡರ್ ಸಾಕು. ಅವಧಿ ಮುಗಿದ ಆಂಟಿವೈರಸ್ ಇದ್ದರೆ ತೆಗೆದುಹಾಕಿ, ಅದನ್ನು ತೆಗೆದರೆ ಸಾಕು, ಎಷ್ಟೋ ಲ್ಯಾಪ್‌ಟಾಪ್‌ಗಳು ಮತ್ತೆ ಉಸಿರಾಡುತ್ತವೆ.

ಎಸ್‌ಎಸ್‌ಡಿ ಹಾಕಿಸಿದರೆ ನಿಜವಾಗಿಯೂ ವ್ಯತ್ಯಾಸ ಆಗುತ್ತದಾ?

ಆಗುತ್ತದೆ, ಅದೂ ಕಣ್ಣಿಗೆ ಕಾಣುವಷ್ಟು. ಹಾರ್ಡ್ ಡಿಸ್ಕ್ ಇರುವ ಯಂತ್ರಕ್ಕೆ ಇದಕ್ಕಿಂತ ದೊಡ್ಡ ಔಷಧ ಇಲ್ಲ. ನಾನು ಇದುವರೆಗೆ ಹಾಕಿಸಿಕೊಟ್ಟವರಲ್ಲಿ ದುಡ್ಡು ದಂಡ ಆಯಿತು ಅಂದವರು ಒಬ್ಬರೂ ಇಲ್ಲ. ಹಳೇ ಲ್ಯಾಪ್‌ಟಾಪ್‌ಗಳಿಗೆ ಎರಡೂವರೆ ಇಂಚಿನ ಸಾಟಾ ಎಸ್‌ಎಸ್‌ಡಿ ಆಗುತ್ತದೆ, ಹಾರ್ಡ್ ಡಿಸ್ಕ್ ತೆಗೆದ ಜಾಗಕ್ಕೆ ಹಾಗೇ ಕೂರುತ್ತದೆ. ಸ್ವಲ್ಪ ಹೊಸತಾದರೆ ಎಂ.2 ಸ್ಲಾಟ್ ಇರಬಹುದು, ಆದರೆ ಅದರಲ್ಲೂ ಸಾಟಾ, ಎನ್‌ವಿಎಂಇ ಅಂತ ಎರಡು ಥರ, ನೋಡಿಕೊಂಡೇ ತನ್ನಿ. ರ‍್ಯಾಮ್ ತರುವಾಗಲೂ ಹಾಗೇ, ಡಿಡಿಆರ್3 ಸ್ಲಾಟ್‌ಗೆ ಡಿಡಿಆರ್4 ಕೂರುವುದಿಲ್ಲ.

ಬೆಂಗಳೂರಿನವರಾದರೆ ಎಸ್.ಪಿ. ರೋಡ್ ಇದ್ದೇ ಇದೆ. ಎರಡು ಮೂರು ಅಂಗಡಿ ವಿಚಾರಿಸಿ, ವಾರಂಟಿ ಇರುವ ಬಿಲ್ ತಗೊಳ್ಳಿ. ಹಳೇ ಡಿಸ್ಕ್ ಅಂಗಡಿಯಲ್ಲೇ ಬಿಟ್ಟು ಬರಬೇಡಿ. ಅದರಲ್ಲಿ ನಿಮ್ಮ ಮನೆಯ ಫೋಟೋ, ಆಧಾರ್ ಸ್ಕ್ಯಾನ್, ಪಾಸ್‌ಬುಕ್ ಎಲ್ಲ ಇರುತ್ತದೆ. ಇನ್ನೊಂದು ಮುಖ್ಯ ವಿಷಯ, ನಿಮ್ಮ ಡಿಸ್ಕ್ ಬಿಟ್‌ಲಾಕರ್ ಅನ್ನುವ ವಿಂಡೋಸ್‌ನದೇ ಬೀಗದಿಂದ ಲಾಕ್ ಆಗಿದೆಯಾ ನೋಡಿ. ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆದಾಗ ಅದು ತಾನೇ ಆನ್ ಆಗಿರುತ್ತದೆ. ರಿಕವರಿ ಕೀ ಬರೆದಿಟ್ಟುಕೊಳ್ಳದೆ ಬಯಾಸ್ (ವಿಂಡೋಸ್‌ಗಿಂತ ಮೊದಲು ಏಳುವ, ಯಂತ್ರದ ಒಳಗಿನ ಸಾಫ್ಟ್‌ವೇರ್) ಸೆಟ್ಟಿಂಗ್ ಮುಟ್ಟಬೇಡಿ.

ವಿಂಡೋಸ್ 10ರಲ್ಲೇ ಇದ್ದುಬಿಟ್ಟರೆ ಏನಾಗುತ್ತದೆ?

ಕಂಪ್ಯೂಟರ್ ನಿಲ್ಲುವುದಿಲ್ಲ. ನಾಳೆಯೂ ಬೂಟ್ ಆಗುತ್ತದೆ. ಆದರೆ ಹೊಸದಾಗಿ ಕಂಡುಬರುವ ಭದ್ರತೆಯ ತೂತುಗಳನ್ನು ಮುಚ್ಚುವವರು ಇರುವುದಿಲ್ಲ, ಕಾಲ ಕಳೆದಂತೆ ಅಪಾಯ ಜಾಸ್ತಿ.

ಇದಕ್ಕೆ ಮೈಕ್ರೋಸಾಫ್ಟ್ ಇಎಸ್‌ಯು (ಎಕ್ಸ್‌ಟೆಂಡೆಡ್ ಸೆಕ್ಯುರಿಟಿ ಅಪ್‌ಡೇಟ್ಸ್) ಅಂತ ಒಂದು ದಾರಿ ಇಟ್ಟಿದೆ. ಮನೆ ಬಳಕೆದಾರರಿಗೆ 2026ರ ಅಕ್ಟೋಬರ್ 13ರವರೆಗೆ ಭದ್ರತಾ ಅಪ್‌ಡೇಟ್ ಸಿಗುತ್ತದೆ. ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆಗಿ ಸೆಟ್ಟಿಂಗ್ಸ್ ಬ್ಯಾಕಪ್ ಆನ್ ಮಾಡಿದರೆ ದುಡ್ಡು ಕೊಡಬೇಕಿಲ್ಲ. ಅದು ಬೇಡ ಅಂದರೆ 30 ಡಾಲರ್, ಇಲ್ಲವೇ 1,000 ರಿವಾರ್ಡ್ಸ್ ಪಾಯಿಂಟ್. ವಿಂಡೋಸ್ 10ರ 22ಎಚ್2 ಆವೃತ್ತಿ ಇರಬೇಕು. ಅಪ್‌ಡೇಟ್ ಪುಟದಲ್ಲೇ ಸೇರುವ ಕೊಂಡಿ ಇರುತ್ತದೆ. ನಮ್ಮ ಬೀದಿಯಲ್ಲಿ ಎಷ್ಟು ಜನಕ್ಕೆ ಇದು ಗೊತ್ತಿತ್ತು ಅಂತ ಕೇಳಿದರೆ, ನಾನು ಹೇಳುವವರೆಗೆ ಒಬ್ಬರಿಗೂ ಇಲ್ಲ. ಹೊಸದು ಕೊಳ್ಳಿ ಅನ್ನುವ ಮಾತು ಮಾತ್ರ ಎಲ್ಲರ ಕಿವಿಗೂ ಬಿದ್ದಿತ್ತು.

ಪಕ್ಕಾ ಕೆಲಸ ಮಾಡುವ ಯಂತ್ರಕ್ಕೆ ವಿಂಡೋಸ್ 11 ಓಡುವುದಿಲ್ಲ ಅನ್ನುತ್ತದಲ್ಲ, ಯಾಕೆ?

ಎರಡು ಕಾರಣ. ಒಂದು ಟಿಪಿಎಂ 2.0 ಅನ್ನುವ ಭದ್ರತಾ ಚಿಪ್ ಬೇಕು. ಎರಡನೆಯದು ಪ್ರೊಸೆಸರ್ ಪಟ್ಟಿ, ಇಂಟೆಲ್ ಆದರೆ ಬಹುತೇಕ 8ನೇ ತಲೆಮಾರಿನಿಂದ ಮೇಲೆ, ಎಎಂಡಿ ಆದರೆ ರೈಜೆನ್ 2000 ಸರಣಿಯ ಆಸುಪಾಸಿನಿಂದ ಮೇಲೆ. ಮೊದಲನೆಯದು ಸುಲಭ ಇರಬಹುದು. ಎಷ್ಟೋ ಯಂತ್ರಗಳಲ್ಲಿ ಟಿಪಿಎಂ ಇದ್ದೂ ಬಯಾಸ್‌ನಲ್ಲಿ ಆಫ್ ಆಗಿರುತ್ತದೆ. ಇಂಟೆಲ್‌ನಲ್ಲಿ ಪಿಟಿಟಿ, ಎಎಂಡಿಯಲ್ಲಿ ಎಫ್‌ಟಿಪಿಎಂ ಅನ್ನುವ ಹೆಸರಲ್ಲಿ ಹುಡುಕಿ.

ಎರಡನೆಯದಕ್ಕೆ ಸಕ್ರಮ ದಾರಿ ಇಲ್ಲ. 7ನೇ ತಲೆಮಾರಿನ ಐ7, 16 ಜಿಬಿ ರ‍್ಯಾಮ್, ಎಸ್‌ಎಸ್‌ಡಿ ಇರುವ ಯಂತ್ರವನ್ನು ಬೇಡ ಅನ್ನುತ್ತದೆ, 4 ಜಿಬಿಯ, ಅಗ್ಗದ ಸೆಲೆರಾನ್ ಪ್ರೊಸೆಸರ್‌ನ ಯಂತ್ರ ಹೊಸದಾದರೆ ಬಾ ಅನ್ನುತ್ತದೆ. ಎರಡನ್ನೂ ಪಕ್ಕಪಕ್ಕ ಇಟ್ಟು ಕೆಲಸ ಮಾಡಿ ನೋಡಿದವರಿಗೆ ಇದು ನ್ಯಾಯ ಅನ್ನಿಸಲು ಸಾಧ್ಯವಿಲ್ಲ. ರೂಫಸ್ ಅನ್ನುವ, ಪೆನ್‌ಡ್ರೈವ್‌ಗೆ ಓಎಸ್ ತುಂಬುವ ಸಾಫ್ಟ್‌ವೇರ್ ಬಳಸಿ ಈ ತಪಾಸಣೆ ದಾಟಿಸಿ ಹಾಕುವವರಿದ್ದಾರೆ, ನಡೆಯುತ್ತದೆ ಕೂಡ. ಆದರೆ ಮುಂದಿನ ಅಪ್‌ಡೇಟ್ ಬರುತ್ತದೆ ಅನ್ನುವ ಭರವಸೆಯನ್ನು ಮೈಕ್ರೋಸಾಫ್ಟ್ ಕೊಡುವುದಿಲ್ಲ. ಕೋರ್ 2 ಡ್ಯುಯೊ ಕಾಲದ ತೀರಾ ಹಳೇ ಪ್ರೊಸೆಸರ್‌ಗಳಲ್ಲಿ ಈಗಿನ ಆವೃತ್ತಿಗಳು ಬೂಟೇ ಆಗುವುದಿಲ್ಲ. ನಿಮ್ಮ ಆಟದ ಯಂತ್ರ ಆದರೆ ಮಾಡಿ, ಅಪ್ಪನ ಪಿಂಚಣಿ ನೋಡುವ ಯಂತ್ರಕ್ಕೆ ಬೇಡ.

11ರಿಂದ ವಾಪಸ್ 10ಕ್ಕೆ ಬರಬಹುದಾ? ವಿಂಡೋಸ್ 7ಕ್ಕೆ ಹೋದರೆ ಹೇಗೆ?

ಅಪ್‌ಗ್ರೇಡ್ ಆಗಿ 10 ದಿನದೊಳಗೆ ಆದರೆ ಸೆಟ್ಟಿಂಗ್ಸ್‌ನ ರಿಕವರಿಯಲ್ಲಿ ಗೋ ಬ್ಯಾಕ್ ಒತ್ತಿದರೆ ಸಾಕು. ಆಮೇಲಾದರೆ ಎಲ್ಲ ಅಳಿಸಿ ಹೊಸದಾಗಿ ಹಾಕಬೇಕು.

ವಿಂಡೋಸ್ 7 ನನಗೂ ಇಷ್ಟ. ಆದರೆ ಅದರ ಬೆಂಬಲ 2020ರ ಜನವರಿಯಲ್ಲೇ ಮುಗಿಯಿತು, 2023ರಿಂದ ಹೊಸ ಕ್ರೋಮ್ ಕೂಡ ಅದರಲ್ಲಿ ಬರುವುದಿಲ್ಲ. ಇಂಟರ್‌ನೆಟ್‌ಗೆ ಜೋಡಿಸುವ ಯಂತ್ರದಲ್ಲಿ ಅದನ್ನು ಹಾಕಬೇಡಿ.

ಲಿನಕ್ಸ್ ಹಾಕಿಕೊಳ್ಳಿ ಅಂತಾರೆ. ನಮ್ಮಂಥವರಿಗೆ ಆಗುತ್ತದಾ? ಕನ್ನಡ ಟೈಪ್ ಮಾಡಬಹುದಾ?

ಲಿನಕ್ಸ್ ಅಂದರೆ ವಿಂಡೋಸ್ ಬದಲು ಹಾಕಿಕೊಳ್ಳಬಹುದಾದ ಉಚಿತ ಓಎಸ್. ಬ್ರೌಸರ್, ಯೂಟ್ಯೂಬ್, ಇಮೇಲ್, ಪತ್ರ ಬರೆಯುವುದು, ಪ್ರಿಂಟ್ ತೆಗೆಯುವುದು ಇಷ್ಟಾದರೆ ಖಂಡಿತ ಆಗುತ್ತದೆ. ಲಿನಕ್ಸ್ ಮಿಂಟ್‌ನ ಎಕ್ಸ್‌ಎಫ್‌ಸಿಇ ಆವೃತ್ತಿ ನಾನು ಎಲ್ಲರಿಗೂ ಹೇಳುವುದು. ಕನಿಷ್ಠ 2 ಜಿಬಿ ರ‍್ಯಾಮ್, 4 ಇದ್ದರೆ ಆರಾಮ. ಬೂಟ್ ಆಗಿ ಸುಮ್ನೆ ಇದ್ದಾಗ ಸುಮಾರು 1 ಜಿಬಿ ತಗೊಳ್ಳುತ್ತದೆ, ಉಳಿದದ್ದೆಲ್ಲ ನಿಮ್ಮ ಕೆಲಸಕ್ಕೆ. ಮಿಂಟ್ 22ಕ್ಕೆ 2029ರವರೆಗೆ ಅಪ್‌ಡೇಟ್ ಇದೆ. ಪೆನ್‌ಡ್ರೈವ್‌ನಿಂದಲೇ ಓಡಿಸಿ ನೋಡಬಹುದು, ಡಿಸ್ಕ್‌ನಲ್ಲಿ ಏನೂ ಬದಲಾಗುವುದಿಲ್ಲ. ವೈಫೈ, ಧ್ವನಿ, ಪ್ರಿಂಟರ್ ಮೂರೂ ನಡೆಯುತ್ತವಾ ನೋಡಿಕೊಂಡು ಆಮೇಲೆ ತೀರ್ಮಾನ ಮಾಡಿ.

ಕನ್ನಡ ಟೈಪಿಂಗ್‌ಗೆ ಏನೂ ತೊಂದರೆ ಇಲ್ಲ. ಕೆ.ಪಿ. ರಾವ್ ಅವರ ವಿನ್ಯಾಸದಿಂದ ಬಂದ ಕಗಪ ಕೀಲಿಮಣೆ, ಅಂದರೆ ನುಡಿ ಸಾಫ್ಟ್‌ವೇರ್‌ನಲ್ಲಿ ನೀವು ಬಳಸುವುದೇ, ಲಿನಕ್ಸ್ ಒಳಗೇ ಇದೆ. ಇನ್‌ಸ್ಕ್ರಿಪ್ಟ್ ಕೂಡ ಇದೆ. ನಮ್ಮ ಪಕ್ಕದ ಕೇರಳದಲ್ಲಿ ಸರ್ಕಾರಿ ಶಾಲೆಗಳ ಕಂಪ್ಯೂಟರ್‌ಗಳು ಎಷ್ಟೋ ವರ್ಷಗಳಿಂದ ಲಿನಕ್ಸ್‌ನಲ್ಲೇ ನಡೆಯುತ್ತಿವೆ, ಅಲ್ಲಿನ ಕೈಟ್ ಸಂಸ್ಥೆ ಉಬುಂಟು ಅನ್ನುವ ಇನ್ನೊಂದು ಲಿನಕ್ಸ್ ಆವೃತ್ತಿಯನ್ನು ಮಲಯಾಳಂ ಮಕ್ಕಳಿಗೆ ಬೇಕಾದ ಹಾಗೆ ಹೊಂದಿಸಿ ಕೊಡುತ್ತದೆ. ಅಲ್ಲಿ ಮಕ್ಕಳು ಕಲಿಯುತ್ತಾರೆ ಅಂದರೆ ನಾವೂ ಕಲಿಯಬಹುದು.

ಯಾರಿಗೆ ಬೇಡ ಅಂತಲೂ ಹೇಳಿಬಿಡುತ್ತೇನೆ. ಟ್ಯಾಲಿಯಲ್ಲೇ ಲೆಕ್ಕ ಬರೆಯುವವರು, ಡಿಜಿಟಲ್ ಸಹಿಯ ಟೋಕನ್ ಚುಚ್ಚಿ ಕೆಲಸ ಮಾಡುವವರು, ಫೋಟೊಶಾಪ್ ಇಲ್ಲದೆ ಆಗದವರು ವಿಂಡೋಸ್‌ನಲ್ಲೇ ಇರಿ. ಬಲವಂತ ಮಾಡಿ ಲಿನಕ್ಸ್ ಹಾಕಿಸಿದರೆ ಒಂದು ವಾರದಲ್ಲಿ ನನ್ನನ್ನೇ ಬೈಯುತ್ತಾರೆ, ಅವರು ಬೈಯುವುದರಲ್ಲಿ ತಪ್ಪೂ ಇಲ್ಲ.

ನಮ್ಮದು ಡಿಟಿಪಿ ಅಂಗಡಿ. ಪೇಜ್‌ಮೇಕರ್, ನುಡಿ ಫಾಂಟ್, ಇಪ್ಪತ್ತು ವರ್ಷದ ಫೈಲ್‌ಗಳು. ನಾವು ಏನು ಮಾಡಬೇಕು?

ನಿಮ್ಮ ಕಷ್ಟ ನನಗೆ ಅರ್ಥವಾಗುತ್ತದೆ. ಮದುವೆ ಕಾರ್ಡು, ಕರಪತ್ರ, ಜಾತ್ರೆ ಪೋಸ್ಟರ್ ಎಲ್ಲ ಆ ಫೈಲ್‌ಗಳಲ್ಲೇ ಇವೆ. ಪೇಜ್‌ಮೇಕರ್‌ನ ಕೊನೆಯ ಆವೃತ್ತಿ 7, ಅದು ಬಂದದ್ದು 2001ರಲ್ಲಿ. ಅಷ್ಟು ಹಳೇ ಸಾಫ್ಟ್‌ವೇರ್ ವಿಂಡೋಸ್ 11ರಲ್ಲಿ ಸರಿಯಾಗಿ ಓಡುತ್ತದೆ ಅನ್ನುವ ಖಾತ್ರಿ ಇಲ್ಲ. ಹಾಗಾಗಿ ಚೆನ್ನಾಗಿ ನಡೆಯುತ್ತಿರುವ ಯಂತ್ರವನ್ನು ಮುಟ್ಟಬೇಡಿ. ಇಂಟರ್‌ನೆಟ್ ತಂತಿ ಕಿತ್ತುಬಿಡಿ, ವೈಫೈ ಆಫ್ ಮಾಡಿ, ಬರೀ ಟೈಪಿಂಗ್ ಮತ್ತು ಪ್ರಿಂಟ್‌ಗೆ ಇಟ್ಟುಕೊಳ್ಳಿ. ಇಮೇಲ್, ವಾಟ್ಸಾಪ್‌ಗೆ ಬೇರೆ ಯಂತ್ರ. ಎರಡರ ಮಧ್ಯೆ ಪೆನ್‌ಡ್ರೈವ್ ಓಡಾಡಲಿ, ಪ್ರತಿ ಸಲ ಸ್ಕ್ಯಾನ್ ಮಾಡಿ. ಜೊತೆಗೆ ಈಗಿನಿಂದಲೇ ಹೊಸ ಕೆಲಸವನ್ನು ಯೂನಿಕೋಡ್‌ನಲ್ಲಿ ಮಾಡಲು ಶುರು ಮಾಡಿ. ಹಳೇ ನುಡಿ ಪಠ್ಯವನ್ನು ಯೂನಿಕೋಡ್‌ಗೆ ಬದಲಾಯಿಸುವ ಪರಿವರ್ತಕಗಳು ಇವೆ, ಒತ್ತಕ್ಷರ ಅಲ್ಲಲ್ಲಿ ತಪ್ಪುತ್ತದೆ, ಒಂದು ಸಲ ಓದಿ ತಿದ್ದಬೇಕು.

ಮ್ಯಾಕ್ ತಗೊಂಡರೆ ಈ ತಲೆನೋವು ತಪ್ಪುತ್ತದಾ?

ತಪ್ಪುವುದಿಲ್ಲ, ರೂಪ ಬದಲಾಗುತ್ತದೆ. ಇಂಟೆಲ್ ಚಿಪ್ ಇರುವ ಮ್ಯಾಕ್‌ಗಳಿಗೆ 2025ರ ಟಾಹೋ ಕೊನೆಯ ಓಎಸ್ ಅಂತ ಆ್ಯಪಲ್ ಹೇಳಿಬಿಟ್ಟಿದೆ. ಸೆಕೆಂಡ್ ಹ್ಯಾಂಡ್ ಇಂಟೆಲ್ ಮ್ಯಾಕ್‌ಬುಕ್ ಅಗ್ಗಕ್ಕೆ ಸಿಗುತ್ತಿದೆ ಅಂತ ಆಸೆ ಪಡಬೇಡಿ.

ಎಲ್ಲ ನೋಡಿಯೂ ಹೊಸದೇ ಬೇಕು ಅಂತಾದರೆ?

16 ಜಿಬಿ ರ‍್ಯಾಮ್, 512 ಜಿಬಿ ಎಸ್‌ಎಸ್‌ಡಿ. ಕೈ ಸಾಲದಿದ್ದರೆ 8 ಜಿಬಿ ತಗೊಳ್ಳಿ, ಆದರೆ ಒಂದು ಸ್ಲಾಟ್ ಖಾಲಿ ಇದೆಯಾ ಅಂತ ಕೇಳಿಯೇ ದುಡ್ಡು ಕೊಡಿ. 2025ರ ಕೊನೆಯಿಂದ ರ‍್ಯಾಮ್ ಬೆಲೆ ವಿಪರೀತ ಏರಿದೆ, ಎಐ ಡೇಟಾ ಸೆಂಟರ್‌ಗಳು ಮಾರುಕಟ್ಟೆಯಲ್ಲಿ ಇದ್ದಬದ್ದದ್ದನ್ನೆಲ್ಲ ಎತ್ತಿಕೊಳ್ಳುತ್ತಿವೆ. ಓಎಸ್ ಜಾಸ್ತಿ ರ‍್ಯಾಮ್ ಕೇಳುವ ಹೊತ್ತಿಗೇ ರ‍್ಯಾಮ್ ಕೈಗೆಟುಕದಂತಾಗಿದೆ, ಸಾಮಾನ್ಯ ಜನಕ್ಕೆ ಎರಡೂ ಕಡೆಯಿಂದ ಪೆಟ್ಟು. ಎಐ ಕೆಲಸಕ್ಕೆ ಅಂತ ಅಂಟಿಸುವ ಕೋಪೈಲಟ್ ಪ್ಲಸ್ ಅನ್ನುವ ಹಣೆಪಟ್ಟಿಗೆ ಹೆಚ್ಚು ದುಡ್ಡು ಕೊಡಬೇಡಿ, ನಿಮ್ಮ ಎಕ್ಸೆಲ್ ಅದರಿಂದ ಬೇಗ ತೆರೆಯುವುದಿಲ್ಲ. ಕಂಪನಿಗಳು ಬಿಟ್ಟ ಲ್ಯಾಪ್‌ಟಾಪ್‌ಗಳನ್ನು ಸರಿಮಾಡಿ ಮಾರುತ್ತಾರಲ್ಲ, 8ನೇ ತಲೆಮಾರು ಅಥವಾ ಅದಕ್ಕಿಂತ ಹೊಸದು ಸಿಕ್ಕರೆ ಅದು ಒಳ್ಳೆಯ ವ್ಯಾಪಾರ. ಅಗ್ಗದ ಹೊಸದಕ್ಕಿಂತ ಗಟ್ಟಿ ಹಳೆಯದು ಮೇಲು ಅಂತ ನಾನು ಹೇಳುವೆ.

ಹಳೆಯದನ್ನು ಗುಜರಿಗೆ ಹಾಕಲಾ?

ದಯವಿಟ್ಟು ಬೇಡ. ವಿಂಡೋಸ್ 10 ನಿಲ್ಲುವುದರಿಂದ ಜಗತ್ತಿನಲ್ಲಿ 24 ಕೋಟಿ ಕಂಪ್ಯೂಟರ್‌ಗಳು ಕಸಕ್ಕೆ ಹೋಗಬಹುದು ಅಂತ ಮಾರುಕಟ್ಟೆ ಅಧ್ಯಯನ ಮಾಡುವ ಕ್ಯಾನಲಿಸ್ ಸಂಸ್ಥೆ 2023ರಲ್ಲೇ ಅಂದಾಜು ಮಾಡಿತ್ತು. ಕೆಟ್ಟದ್ದಕ್ಕಲ್ಲ, ಪಟ್ಟಿಯಲ್ಲಿ ಇಲ್ಲದ್ದಕ್ಕೆ.

ಮೊದಲು ಮಿಂಟ್ ಹಾಕಿ ಓಡಿಸಿ ನೋಡಿ. ಮನೆಯಲ್ಲಿ ಬೇಡ ಅಂದರೆ ಹತ್ತಿರದ ಶಾಲೆಗೆ, ಓದುವ ಮಗುವಿಗೆ ಕೊಡಿ. ಕೊಡುವ ಮೊದಲು ಡಿಸ್ಕ್ ಪೂರ್ತಿ ಅಳಿಸಿ. ಬರೀ ಡಿಲೀಟ್ ಮಾಡಿದರೆ ಸಾಲದು, ರೀಸೆಟ್ ಮಾಡುವಾಗ ಡ್ರೈವ್ ಕ್ಲೀನ್ ಮಾಡುವ ಆಯ್ಕೆಯನ್ನೇ ಆರಿಸಿ. ನಿಜವಾಗಿಯೂ ಸತ್ತಿದ್ದರೆ ಇ-ತ್ಯಾಜ್ಯ ತೆಗೆದುಕೊಳ್ಳುವ ನೋಂದಾಯಿತ ಕೇಂದ್ರಕ್ಕೆ ಕೊಡಿ, ಬೀದಿಯಲ್ಲಿ ತೂಕಕ್ಕೆ ಹಾಕಿದರೆ ಯಾರೋ ಒಬ್ಬರು ತಾಮ್ರಕ್ಕಾಗಿ ಅದನ್ನು ಸುಟ್ಟು ಆ ಹೊಗೆ ಕುಡಿಯುತ್ತಾರೆ.

ನಮ್ಮಕ್ಕನ ಮಗಳ ಆ ಲ್ಯಾಪ್‌ಟಾಪ್ ಈಗಲೂ ಇದೆ. ಮಿಂಟ್ ಹಾಕಿಕೊಟ್ಟೆ, ನೋಟ್ಸ್ ಬರೆಯುತ್ತಾಳೆ, ಕ್ಲಾಸ್ ಕೇಳುತ್ತಾಳೆ. ಎರಡೂ ಕಿಟಕಿ ಒಟ್ಟಿಗೆ ತೆರೆಯುತ್ತವೆ, ಧ್ವನಿ ತುಂಡಾಗುವುದಿಲ್ಲ.